ಕ್ಯಾರಿಂಗ್ಟನ್ ಹಾಕಿದ ಆ ಬಾಸ್ಕೆಟ್ ತಪ್ಪಲ್ಲ

ಮಾನ್ಯ ಸಂಪಾದಕರೇ,

ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ ಕೂಪರ್ ಫ್ಲ್ಯಾಗ್ ಎಂಬ ಹುಡುಗ ಡಲ್ಲಾಸ್ ತಂಡದ ಪಾಲಾದ ಸುದ್ದಿ ನಿಮ್ಮ ಕ್ರೀಡಾ ಪುಟದ ಮೂಲೆಯಲ್ಲಿ ಬಂದಿತ್ತು. ಅಷ್ಟಾದರೂ ಬಂತಲ್ಲ, ಸಂತೋಷ. ಆದರೆ ಹೆಚ್ಚು ಸೋತ ತಂಡಕ್ಕೆ ಅತ್ಯುತ್ತಮ ಆಟಗಾರ ಸಿಗುತ್ತಾನೆ ಎನ್ನುವ ಅರ್ಥ ಬರುವ ಹಾಗೆ ಬರೆದಿದ್ದೀರಿ. ಅದು ಅರ್ಧ ಮಾತ್ರ ನಿಜ. ಫ್ಲ್ಯಾಗ್‌ನನ್ನು ಪಡೆದ ಡಲ್ಲಾಸ್ ಕಳೆದ ಸೀಸನ್‌ನ 82 ಪಂದ್ಯಗಳಲ್ಲಿ 39 ಗೆದ್ದಿತ್ತು. 64 ಸೋತ ವಾಷಿಂಗ್ಟನ್ ವಿಜರ್ಡ್ಸ್‌ಗೆ ಸಿಕ್ಕಿದ್ದು ಆರನೇ ಸರದಿ. ಈ ಪತ್ರ ಆ ಆರನೇ ಸರದಿಯವರ ಬಗ್ಗೆ.

ನಾನು ಮಂಡ್ಯ ಜಿಲ್ಲೆಯಲ್ಲಿ ಹೈಸ್ಕೂಲ್ ಪಿ.ಟಿ. ಟೀಚರ್ ಆಗಿದ್ದವಳು. ನಿವೃತ್ತಿಯಾದ ಮೇಲೆ ವರ್ಷಕ್ಕೆ ಕೆಲವು ತಿಂಗಳು ವರ್ಜೀನಿಯಾದ ಫೇರ್‌ಫ್ಯಾಕ್ಸ್‌ನಲ್ಲಿ ಮಗನ ಮನೆಯಲ್ಲಿ ಇರುತ್ತೇನೆ. ಇಲ್ಲಿಗೆ ಹತ್ತಿರದ ತಂಡ ವಿಜರ್ಡ್ಸ್. ವಿಯೆನ್ನಾ ಸ್ಟೇಷನ್ನಿನಲ್ಲಿ ಆರೆಂಜ್ ಲೈನ್ ಹತ್ತಿ, ಮೆಟ್ರೋ ಸೆಂಟರ್‌ನಲ್ಲಿ ರೆಡ್ ಲೈನ್‌ಗೆ ಬದಲಾಯಿಸಿದರೆ ಮುಂದಿನ ಸ್ಟೇಷನ್ನೇ ಚೈನಾಟೌನ್. ಮೇಲೆ ಬಂದರೆ ಸ್ಟೇಡಿಯಂ ಬಾಗಿಲು. ತಂಡ ಸೋಲುತ್ತಲೇ ಇರುವುದರಿಂದ ಟಿಕೆಟ್ ಜಾಸ್ತಿ ದುಬಾರಿಯೂ ಅಲ್ಲ. ಮೊಮ್ಮಗಳಿಗೆ ಈ ತಂಡದ ಹುಚ್ಚು. ಈಗ ನನಗೂ ಹತ್ತಿದೆ.

ಮೊದಲು ಈ ಸರದಿ ಗೊತ್ತುಮಾಡುವ ಲಾಟರಿ ವಿಷಯ ಹೇಳಿಬಿಡುತ್ತೇನೆ. ಸೀಸನ್ ಕೊನೆಯ ನಾಕೌಟ್ ಹಂತ, ಅಂದರೆ ಪ್ಲೇಆಫ್ ತಲುಪದ 14 ತಂಡಗಳಿಗೆ ಇದು. 1ರಿಂದ 14ರವರೆಗೆ ನಂಬರ್ ಹಾಕಿದ ಚೆಂಡುಗಳಿರುವ ಯಂತ್ರದಿಂದ ನಾಲ್ಕು ಚೆಂಡು ಹೊರಗೆ ಬರುತ್ತವೆ. ಹಾಗೆ ಬರಬಹುದಾದ ಜೋಡಣೆಗಳು 1001. ಒಂದನ್ನು ಬಿಟ್ಟು ಉಳಿದ ಸಾವಿರವನ್ನು ತಂಡಗಳಿಗೆ ಹಂಚಿರುತ್ತಾರೆ. ಕೊನೆಯ ಮೂರು ತಂಡಗಳಿಗೆ ತಲಾ 140, ಅಂದರೆ ನೂರಕ್ಕೆ 14 ಅವಕಾಶ. ಡಲ್ಲಾಸ್‌ಗಿದ್ದದ್ದು ನೂರಕ್ಕೆ 1.8. ಅದೇ ಹೊಡೆಯಿತು! ಹೀಗೆ ಎತ್ತುವುದು ಮೊದಲ ನಾಲ್ಕು ಸ್ಥಾನಕ್ಕೆ ಮಾತ್ರ. ಐದರಿಂದ ಆಚೆಗೆ ಯಾರು ಹೆಚ್ಚು ಸೋತಿದ್ದಾರೋ ಅವರು ಮುಂದೆ. ಹಾಗಾಗಿ ಎಲ್ಲರಿಗಿಂತ ಕೊನೆಯ ತಂಡ ಐದಕ್ಕಿಂತ ಕೆಳಗೆ ಬೀಳುವುದಿಲ್ಲ. ಕೊನೆಯಿಂದ ಎರಡನೆಯದು ಆರಕ್ಕೆ ಬೀಳಬಹುದು. ಬಿತ್ತು ಕೂಡ.

ಈಗ ಏಪ್ರಿಲ್ 13ಕ್ಕೆ ಬರೋಣ. ಸೀಸನ್‌ನ ಕೊನೆಯ ದಿನ, ಮಯಾಮಿಯಲ್ಲಿ ಪಂದ್ಯ. ವಿಜರ್ಡ್ಸ್ ಅಷ್ಟರಲ್ಲಿ 17 ಗೆದ್ದು 64 ಸೋತಿತ್ತು. ಯುಟಾ ಜಾಝ್‌ದೂ ಹೆಚ್ಚುಕಮ್ಮಿ ಅದೇ ಸ್ಥಿತಿ. ಇನ್ನೇನು ಮುಗಿಯಬೇಕು ಅನ್ನುವಾಗ 19 ವರ್ಷದ ಬಬ್ ಕ್ಯಾರಿಂಗ್ಟನ್ ಬಾಸ್ಕೆಟ್ ಹಾಕಿದ. 119-118. ಗೆದ್ದರು. ಮೊಮ್ಮಗಳು ಸೋಫಾ ಮೇಲೆ ಕುಣಿದಳು. ನನ್ನ ಮಗ ತಲೆ ಮೇಲೆ ಕೈ ಹೊತ್ತು, 'ಅಯ್ಯೋ, ಸುಮ್ನೆ ಇರಬಾರದಿತ್ತಾ ಈ ಹುಡುಗ' ಅಂದ. ಅವನ ಲೆಕ್ಕ ಹೀಗೆ: ಸೋತಿದ್ದರೆ ಎರಡೂ ತಂಡ ತಲಾ 17 ಗೆಲುವಿನಲ್ಲಿ ನಿಲ್ಲುತ್ತಿದ್ದವು, ಆಗ ಯಾರು ಕೊನೆ ಎಂದು ಚೀಟಿ ಎತ್ತುತ್ತಿದ್ದರು. ಗೆದ್ದಿದ್ದರಿಂದ ಯುಟಾ ಒಂದೇ ಕೊನೆಯಾಯಿತು. ಮೇ 12ರ ಲಾಟರಿಯಲ್ಲಿ ಯುಟಾ ಐದಕ್ಕೆ ಬಿತ್ತು, ವಿಜರ್ಡ್ಸ್ ಆರಕ್ಕೆ. ಯುಟಾ ಏಸ್ ಬೇಲಿಯನ್ನು ತೆಗೆದುಕೊಂಡಿತು. ನಮಗೆ ಟೆಕ್ಸಸ್ ವಿಶ್ವವಿದ್ಯಾಲಯದ ಟ್ರೇ ಜಾನ್ಸನ್ ಬಂದ.

ಅಂದಿನಿಂದ ನಮ್ಮ ಮನೆಯಲ್ಲಿ ಇದೇ ಜಗಳ. ಆ ಹುಡುಗ ಮಾಡಿದ್ದು ತಪ್ಪಾ? ನಾನು ಅಲ್ಲ ಅನ್ನುತ್ತೇನೆ.

ಇದು ಅಮೆರಿಕದ್ದೇ ರೋಗ ಅಂದುಕೊಳ್ಳಬೇಡಿ. ನಮ್ಮ ಕಡೆ ಶಾಲಾ ಟೂರ್ನಿಗಳು ಲೀಗ್ ಕಂ ನಾಕೌಟ್ ಮಾದರಿಯಲ್ಲಿ ನಡೆಯುತ್ತಿದ್ದವು. ಒಮ್ಮೆ ನಮ್ಮ ಹುಡುಗಿಯರು ಲೀಗ್‌ನ ಕೊನೆಯ ಪಂದ್ಯ ಸೋತರೆ ಸೆಮಿಫೈನಲ್‌ನಲ್ಲಿ ಸುಲಭದ ತಂಡ, ಗೆದ್ದರೆ ಕ್ರೀಡಾ ಹಾಸ್ಟೆಲ್ ಹುಡುಗಿಯರ ತಂಡ ಎದುರು ಬೀಳುವ ಹಾಗಿತ್ತು. ಬೇರೆ ಶಾಲೆಯ ಮೇಷ್ಟ್ರೊಬ್ಬರು ಹತ್ತಿರ ಬಂದು, 'ಮೇಡಂ, ಮೇನ್ ಹುಡುಗೀರನ್ನ ಕೂರಿಸಿಬಿಡಿ, ಯಾರಿಗೆ ಗೊತ್ತಾಗತ್ತೆ' ಅಂದರು. ಗೊತ್ತಾಗುವುದು ಆ ಹುಡುಗಿಯರಿಗೇ ಅಲ್ವಾ? ಆಡಿಸಿದೆ. ಗೆದ್ದರು. ಮಾರನೇ ದಿನ ಹಾಸ್ಟೆಲ್ ತಂಡ ನಮ್ಮನ್ನು ಸರಿಯಾಗಿ ಚಚ್ಚಿತು. ನನಗೆ ಅದರಲ್ಲಿ ಬೇಜಾರೇನೂ ಇರಲಿಲ್ಲ. ಆ ಮೇಷ್ಟ್ರು ಮಾತ್ರ ಸಿಕ್ಕಾಗಲೆಲ್ಲ ನಗುತ್ತಿದ್ದರು.

ವಿಜರ್ಡ್ಸ್ ಮಾಡುತ್ತಿರುವುದು ಪೂರ್ತಿ ಮೋಸ ಅಂತ ನಾನು ಹೇಳುತ್ತಿಲ್ಲ. ಈ ತಂಡಕ್ಕೆ ಬುಡದಿಂದ ಕಟ್ಟುವುದು ಬಿಟ್ಟು ಬೇರೆ ದಾರಿ ಇರಲಿಲ್ಲ. ವಾಷಿಂಗ್ಟನ್ ಬುಲೆಟ್ಸ್ ಎಂಬ ಹೆಸರಿದ್ದಾಗ, 1978ರಲ್ಲಿ, ಒಂದೇ ಒಂದು ಸಲ ಚಾಂಪಿಯನ್ ಆಗಿದ್ದರು. ಅದರ ಮರುವರ್ಷ 54 ಪಂದ್ಯ ಗೆದ್ದರು. ಆಮೇಲೆ ಇವತ್ತಿನವರೆಗೆ ಒಂದು ಸೀಸನ್‌ನಲ್ಲೂ 50 ಮುಟ್ಟಿಲ್ಲ. 2017ರಲ್ಲಿ 49ಕ್ಕೆ ನಿಂತರು. ಜಾನ್ ವಾಲ್, ಬ್ರಾಡ್ಲಿ ಬೀಲ್ ಇದ್ದ ಕಾಲ ಅದು, ಎರಡನೇ ಸುತ್ತಿನಲ್ಲಿ ಬಾಸ್ಟನ್ ಎದುರು ಏಳನೇ ಪಂದ್ಯದವರೆಗೂ ಹೋಗಿ ಸೋತರು. ಅಷ್ಟೇ ಅವರ ಎತ್ತರ. 2023ರಲ್ಲಿ ತಂಡದ ಆಡಳಿತಕ್ಕೆ ಮೈಕೆಲ್ ವಿಂಗರ್ ಮತ್ತು ವಿಲ್ ಡಾಕಿನ್ಸ್ ಬಂದು ಬೀಲ್‌ನನ್ನು ಫೀನಿಕ್ಸ್‌ಗೆ ಕಳಿಸಿದರು, ಇನ್ನೊಬ್ಬ ಮುಖ್ಯ ಆಟಗಾರ ಪೋರ್ಜಿಂಗಿಸ್‌ನನ್ನು ಬಾಸ್ಟನ್‌ಗೆ. ಮೊದಲ ವರ್ಷ 15 ಗೆಲುವು, ಎರಡನೇ ವರ್ಷ 18. ಆ 18ರ ವರ್ಷದಲ್ಲಿ ಎರಡು ಸಲ ಸತತ 16 ಪಂದ್ಯ ಸೋತರು. ನೋಡುವುದಕ್ಕೆ ಗಟ್ಟಿ ಗುಂಡಿಗೆ ಬೇಕು.

ಮೊದಲ ನಂಬರ್ ಪಿಕ್, ಅಂದರೆ ಡ್ರಾಫ್ಟ್‌ನ ಮೊದಲ ಸರದಿ, ಸಿಕ್ಕಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎನ್ನುವವರು ಈ ತಂಡದ ಚರಿತ್ರೆಯನ್ನೇ ನೋಡಲಿ. 2001ರಲ್ಲಿ ಮೊದಲ ಪಿಕ್ ಸಿಕ್ಕಿತ್ತು. ಆಗ ತಂಡದ ಆಯ್ಕೆ ನೋಡುತ್ತಿದ್ದವರು ಸಾಕ್ಷಾತ್ ಮೈಕೆಲ್ ಜೋರ್ಡನ್. ಹೈಸ್ಕೂಲ್‌ನಿಂದ ನೇರ ಬಂದ ಕ್ವಾಮಿ ಬ್ರೌನ್‌ನನ್ನು ತೆಗೆದುಕೊಂಡರು. ಅವನು ನಿರೀಕ್ಷೆಯ ಹತ್ತಿರಕ್ಕೂ ಬರಲಿಲ್ಲ. 2009ರದ್ದು ಇನ್ನೂ ಹೊಟ್ಟೆ ಉರಿಸುವ ಕಥೆ. ಐದನೇ ಪಿಕ್ ಕೈಯಲ್ಲಿತ್ತು. ರ‍್ಯಾಂಡಿ ಫೋಯ್, ಮೈಕ್ ಮಿಲ್ಲರ್ ಬೇಕೆಂದು ಅದನ್ನು ಮಿನ್ನೆಸೋಟಕ್ಕೆ ಕೊಟ್ಟರು. ಆ ವರ್ಷ ಏಳನೇ ಸರದಿಯಲ್ಲಿ ಗೋಲ್ಡನ್ ಸ್ಟೇಟ್ ತಂಡ, ಮುಂದೆ ದೊಡ್ಡ ತಾರೆಯಾದ ಸ್ಟೀಫನ್ ಕರಿಯನ್ನು ತೆಗೆದುಕೊಂಡಿತು. ನಂಬರ್‌ಗಿಂತ ಕಣ್ಣು ಮುಖ್ಯ. ಈ ಸಲ ಚಾಂಪಿಯನ್ ಆದ ಒಕ್ಲಹೋಮ ಸಿಟಿಯ ಜೇಲೆನ್ ವಿಲಿಯಮ್ಸ್ 2022ರಲ್ಲಿ 12ನೇ ಪಿಕ್ ಆಗಿದ್ದವನು. ಡಾಕಿನ್ಸ್ ಬಂದಿದ್ದೂ ಅದೇ ತಂಡದಿಂದ. ಅದಕ್ಕೇ ನನಗೆ ಅವರ ಮೇಲೆ ಸ್ವಲ್ಪ ನಂಬಿಕೆ.

ಹಾಗಾದರೆ ಕೈಯಲ್ಲಿರುವ ಹುಡುಗರು ಹೇಗಿದ್ದಾರೆ? ಇದನ್ನು ಪಿ.ಟಿ. ಟೀಚರ್ ಕಣ್ಣಿನಲ್ಲೇ ಹೇಳುತ್ತೇನೆ.

ಅಲೆಕ್ಸ್ ಸಾರ್, ಫ್ರಾನ್ಸಿನವನು, ಏಳಡಿ ಎತ್ತರ. 2024ರ ಎರಡನೇ ಪಿಕ್. ಹೋದ ವರ್ಷ ಲಾಸ್ ವೇಗಸ್‌ನಲ್ಲಿ ಹೊಸ ಹುಡುಗರಿಗಾಗಿ ನಡೆಯುವ ಸಮ್ಮರ್ ಲೀಗ್‌ನ ಒಂದು ಪಂದ್ಯದಲ್ಲಿ 15 ಸಲ ಎಸೆದು ಒಂದನ್ನೂ ಹಾಕಲಿಲ್ಲ. ಎಲ್ಲರೂ ಆಡಿಕೊಂಡು ನಕ್ಕರು. ಅದೇ ಹುಡುಗ ಸೀಸನ್ ಮುಗಿಯುವಾಗ ಹೊಸಬರ ಅತ್ಯುತ್ತಮ ಐವರಲ್ಲಿ ಒಬ್ಬ. ಪಂದ್ಯಕ್ಕೆ ಸರಾಸರಿ 13 ಅಂಕ. ಅಡ್ಡ ಸರಿದು ಡಿಫೆನ್ಸ್ ಮಾಡುವಾಗ ಅವನ ಕಾಲು ನೋಡಬೇಕು, ಅಷ್ಟು ಉದ್ದದ ಹುಡುಗನಿಗೆ ಅಂಥ ಹಗುರ ಕಾಲು ಅಪರೂಪ. ನನ್ನ ತಕರಾರು ಒಂದೇ. ಏಳಡಿ ಇಟ್ಟುಕೊಂಡು ದೂರ ನಿಂತು ಯಾಕಪ್ಪಾ ಎಸೆಯುತ್ತೀಯ? ನೂರಕ್ಕೆ 40 ಕೂಡ ಒಳಗೆ ಹೋಗಿಲ್ಲ. ರಿಂಗ್ ಕೆಳಗೆ ಹೋಗು, ಭುಜ ಕೊಡು, ಪೆಟ್ಟು ತಿನ್ನು. ಮೈ ತುಂಬಿಕೊಂಡರೆ ಇವನೇ ಈ ತಂಡದ ಆಧಾರ.

ಬಿಲಾಲ್ ಕೂಲಿಬಾಲಿಯೂ ಫ್ರಾನ್ಸಿನವನೇ. ಅಲ್ಲಿ, ಈಗ ಎನ್‌ಬಿಎಯ ದೊಡ್ಡ ತಾರೆಯಾಗಿರುವ ವೆಂಬನ್ಯಾಮಾ ಜೊತೆ ಒಂದೇ ತಂಡದಲ್ಲಿ ಆಡಿದವನು. 2023ರಲ್ಲಿ ಏಳನೇ ಪಿಕ್. ಎದುರಾಳಿಯ ಮುಖ್ಯ ಆಟಗಾರನ ಬೆನ್ನು ಬಿಡದೆ ಅಂಟಿಕೊಳ್ಳುವ ಕೆಲಸ ಅವನದು. ಆದರೆ ಎರಡು ವರ್ಷವೂ ಸೀಸನ್ ಮುಗಿಯುವ ಮೊದಲೇ ಗಾಯ, ಒಮ್ಮೆ ಮಣಿಕಟ್ಟು, ಇನ್ನೊಮ್ಮೆ ತೊಡೆಯ ಹಿಂಭಾಗ. ಕಿಶಾನ್ ಜಾರ್ಜ್ 24ನೇ ಪಿಕ್ ಆಗಿ ಬಂದವನು, ಅಷ್ಟು ಕೆಳಗೆ ಹೇಗೆ ಉಳಿದಿದ್ದ ಅಂತ ನನಗೆ ಆಶ್ಚರ್ಯ.

ಇನ್ನು ನಮ್ಮ ಕ್ಯಾರಿಂಗ್ಟನ್. ಪಕ್ಕದ ಬಾಲ್ಟಿಮೋರ್ ಹುಡುಗ, 14ನೇ ಪಿಕ್. ಮೊದಲ ವರ್ಷವೇ 82ಕ್ಕೆ 82 ಪಂದ್ಯ ಆಡಿದ. ಸ್ಟಾರ್‌ಗಳು ಮಂಡಿ ನೋವು, ಬೆನ್ನು ನೋವು ಅಂತ ಕೂರುವ ಲೀಗ್ ಇದು. ಗೆದ್ದರೂ ಲಾಭವಿಲ್ಲದ ಪಂದ್ಯದಲ್ಲಿ, ಎಲ್ಲರೂ ಮನೆಗೆ ಹೋಗುವ ಬ್ಯಾಗ್ ಕಟ್ಟಿಕೊಂಡಿರುವ ದಿನ, ಕೊನೇ ಗಳಿಗೆಯಲ್ಲಿ ಚೆಂಡು ಕೇಳಿ ಪಡೆದು ಹಾಕುವ ಹುಡುಗನನ್ನು ಬೈಯುವುದು ಯಾವ ನ್ಯಾಯ? ಇಂಥ ಬುದ್ಧಿ ಯಾವ ಲಾಟರಿಯಲ್ಲೂ ಸಿಗುವುದಿಲ್ಲ.

ಟ್ರೇ ಜಾನ್ಸನ್ ಎಸೆತ ಮಾತ್ರ ಕಣ್ಣಿಗೆ ಹಬ್ಬ. ಕಾಲೇಜಿನ ಮೊದಲ ವರ್ಷದಲ್ಲೇ ಪಂದ್ಯಕ್ಕೆ ಸುಮಾರು 20 ಅಂಕ, ಮೂರು ಅಂಕದ ಎಸೆತಗಳಲ್ಲಿ ನೂರಕ್ಕೆ 40ರಷ್ಟು ಒಳಗೆ. ವಿಜರ್ಡ್ಸ್‌ಗೆ ಬೇಕಾಗಿದ್ದೂ ಎಸೆಯುವವನೇ. ಡಿಫೆನ್ಸ್ ಮಾತ್ರ ಕಲಿಯಬೇಕು, ಪಾಸ್ ಕೊಡುವುದನ್ನೂ. ಅವನನ್ನು ಉದ್ಧಾರಕ ಅಂತ ಕರೆದು ಹೆಗಲ ಮೇಲೆ ಮೂಟೆ ಹೊರಿಸದಿದ್ದರೆ ಸಾಕು. 21ನೇ ಪಿಕ್ ವಿಲ್ ರೈಲಿ ತೀರಾ ಸಣಕಲ. ಅವನಿಗೆ ಒಂದೆರಡು ವರ್ಷ ಚೆನ್ನಾಗಿ ಊಟ ಹಾಕಬೇಕು.

ನನಗೆ ನಿಜವಾಗಿ ಚಿಂತೆ ಇರುವುದು ಮುಂದಿನ ಸೀಸನ್ ಬಗ್ಗೆ. 2020ರ ಡಿಸೆಂಬರ್‌ನಲ್ಲಿ ಜಾನ್ ವಾಲ್‌ನನ್ನು ಹ್ಯೂಸ್ಟನ್‌ಗೆ ಕೊಟ್ಟು ವೆಸ್ಟ್‌ಬ್ರೂಕ್‌ನನ್ನು ತಂದಾಗ ಮುಂದಿನದೊಂದು ಮೊದಲ ಸುತ್ತಿನ ಪಿಕ್ಕನ್ನೂ ಜೊತೆಗೆ ಬರೆದುಕೊಟ್ಟಿದ್ದರು. ಅದು ಕೈ ಬದಲಾಗಿ ಈಗ ನ್ಯೂಯಾರ್ಕ್ ನಿಕ್ಸ್ ಹತ್ತಿರ ಇದೆ. ವಾಲ್ ಹೋದ, ವೆಸ್ಟ್‌ಬ್ರೂಕ್‌ನೂ ಹೋದ, ಸಾಲ ಮಾತ್ರ ಉಳಿದಿದೆ. 2026ರಲ್ಲಿ ವಿಜರ್ಡ್ಸ್ ಪಿಕ್ ಮೊದಲ ಎಂಟರೊಳಗೆ ಬಂದರೆ ತಂಡಕ್ಕೇ ಉಳಿಯುತ್ತದೆ, ಎರಡನೇ ಸುತ್ತಿನ ಪಿಕ್‌ಗಳಲ್ಲಿ ಸಾಲ ತೀರುತ್ತದೆ. ಒಂಬತ್ತು ಅಥವಾ ಅದಕ್ಕಿಂತ ಕೆಳಗೆ ಬಿದ್ದರೆ ನ್ಯೂಯಾರ್ಕ್‌ಗೆ. ಕೊನೆಯ ನಾಲ್ಕು ತಂಡಗಳಲ್ಲಿ ಒಂದಾಗಿದ್ದರೆ ಲಾಟರಿ ಏನೇ ಆದರೂ ಎಂಟರಾಚೆ ಹೋಗುವುದಿಲ್ಲ. ಅಂದರೆ ಇನ್ನೂ ಒಂದು ವರ್ಷ ಸೋಲುವುದಕ್ಕೆ ಕಾರಣ ಕಾಗದದಲ್ಲೇ ಇದೆ. ಆಸೆ ತೋರಿಸುವುದಕ್ಕೆ ಹುಡುಗರೂ ಇದ್ದಾರೆ: ಬಿವೈಯು ವಿಶ್ವವಿದ್ಯಾಲಯ ಸೇರಿದ ಎ.ಜೆ. ಡಿಬಾನ್ಸಾ, ಕಾನ್ಸಾಸ್ ವಿಶ್ವವಿದ್ಯಾಲಯದ ಡ್ಯಾರಿನ್ ಪೀಟರ್ಸನ್, ಡ್ಯೂಕ್ ವಿಶ್ವವಿದ್ಯಾಲಯಕ್ಕೆ ಹೋಗುತ್ತಿರುವ ಕ್ಯಾಮೆರಾನ್ ಬೂಝರ್. ಮಗ ಈ ಮೂವರ ವಿಡಿಯೋ ಈಗಿನಿಂದಲೇ ನೋಡುತ್ತಿದ್ದಾನೆ.

ಲೀಗ್‌ನವರೂ ಕಣ್ಣು ಮುಚ್ಚಿ ಕೂತಿಲ್ಲ. ಆಡಬಲ್ಲ ಲೌರಿ ಮಾರ್ಕನೆನ್‌ನನ್ನು ಕೂರಿಸಿದ್ದಕ್ಕೆ ಮಾರ್ಚ್‌ನಲ್ಲಿ ಯುಟಾಗೆ ಒಂದು ಲಕ್ಷ ಡಾಲರ್ ದಂಡ ಹಾಕಿದರು. ಕೋಟಿಗಟ್ಟಲೆ ಡಾಲರ್ ತಂಡಕ್ಕೆ ಅದು ಚಿಲ್ಲರೆ ಕಾಸು, ಬಿಡಿ.

ಹೀಗಾಗಿ ನಿಮ್ಮಲ್ಲಿ ಒಂದು ಕೋರಿಕೆ. ಸತ್ನಾಮ್ ಸಿಂಗ್ 2015ರಲ್ಲಿ 52ನೇ ಪಿಕ್ ಆದಾಗ ಭಾರತದಲ್ಲಿ ಹುಟ್ಟಿದ ಮೊದಲ ಎನ್‌ಬಿಎ ಡ್ರಾಫ್ಟ್ ಆಟಗಾರ ಅಂತ ಎಲ್ಲ ಪತ್ರಿಕೆಗಳೂ ಬರೆದವು. ಆಮೇಲೆ ಮತ್ತೆ ಫೈನಲ್ ಬಂದಾಗ ಮಾತ್ರ ನೆನಪು. ಮಂಡ್ಯ, ಮೈಸೂರು, ಬೆಂಗಳೂರಿನಲ್ಲಿ ಈ ಆಟ ಆಡುವ ಮಕ್ಕಳು ಬೆಳಿಗ್ಗೆ ಮೊಬೈಲಿನಲ್ಲಿ ಎನ್‌ಬಿಎ ನೋಡುತ್ತಾರೆ. ಅವರಿಗೆ ಕೆಳಗಿನ ತಂಡಗಳ ಕಥೆಯೂ ಬೇಕು. ಜುಲೈ 10ರಿಂದ ಲಾಸ್ ವೇಗಸ್‌ನಲ್ಲಿ ಸಮ್ಮರ್ ಲೀಗ್ ಇದೆ. ಹೊಸ ಹುಡುಗರು ಎಡವುವುದು, ಏಳುವುದು ಕಾಣುವುದು ಅಲ್ಲೇ. ಅದರ ಬಗ್ಗೆ ಎರಡು ಕಾಲಂ ಬರೆಸಿ.

ನನ್ನ ಅಭಿಪ್ರಾಯ ಕೇಳಿದರೆ, ಮುಂದಿನ ವರ್ಷ ಈ ಹುಡುಗರನ್ನು ಕೊನೆಯ ಕ್ವಾರ್ಟರ್‌ನಲ್ಲಿ ಕೂರಿಸದೆ ಆಡಿಸಲಿ. ಗೆಲ್ಲುವಷ್ಟು ಗೆಲ್ಲಲಿ. ಅದರಿಂದ ಪಿಕ್ ಒಂಬತ್ತಕ್ಕೆ ಇಳಿದು ನ್ಯೂಯಾರ್ಕ್‌ಗೆ ಹೋಗುವುದಾದರೆ ಹೋಗಲಿ. ನನ್ನ ಮಗ ಇದನ್ನು ಸುತರಾಂ ಒಪ್ಪುವುದಿಲ್ಲ. ಅವನು ಬೇಕಾದರೆ ನಿಮಗೆ ಬೇರೆ ಪತ್ರ ಬರೆಯಲಿ.

– ನಿವೃತ್ತ ದೈಹಿಕ ಶಿಕ್ಷಕಿ, ಮಂಡ್ಯ
(ಸದ್ಯ ಫೇರ್‌ಫ್ಯಾಕ್ಸ್, ವರ್ಜೀನಿಯಾ), ಜುಲೈ 2025