ಔಷಧಿಗೆ ಮೊದಲು ರೋಗ ಗೊತ್ತಾಗಲಿ

ಮಾನ್ಯ ಸಂಪಾದಕರೇ,

ಅಡಿಕೆ ಸೋಗೆ ಹಳದಿ ಆದ ಕೂಡಲೇ ನಾವು ಕೇಳುವುದು ಒಂದೇ: ಯಾವ ಔಷಧಿ ಹೊಡೀಬೇಕು? ರೋಗ ಯಾವುದು ಅಂತ ಕೇಳುವವರು ಕಡಿಮೆ. ಅಂಗಡಿಯವರೂ ಮೊಬೈಲ್‌ನಲ್ಲಿ ಫೋಟೊ ನೋಡಿ ಡಬ್ಬಿ ಕೊಟ್ಟು ಕಳಿಸುತ್ತಾರೆ.

ಎಲೆಚುಕ್ಕೆ ರೋಗ ಶಿಲೀಂಧ್ರದಿಂದ ಬರುವಂಥದ್ದು, ಸಿಂಪಡಣೆಗೆ ಅರ್ಥವಿದೆ. ಹಳದಿ ಎಲೆ ರೋಗದ ಕತೆ ಬೇರೆ. ಅದಕ್ಕೆ ಕಾರಣ ಫೈಟೋಪ್ಲಾಸ್ಮಾ ಅನ್ನುವ ಸೂಕ್ಷ್ಮಜೀವಿ. ಮರದೊಳಗೆ ಆಹಾರ ಸಾಗಿಸುವ ನಾಳದಲ್ಲಿ ಅದರ ವಾಸ, ರಸ ಹೀರುವ ಕೀಟದಿಂದ ಹರಡುತ್ತದೆ. ಶಿಲೀಂಧ್ರಕ್ಕೆ ಹೊಡೆಯುವ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ ಎಷ್ಟು ಹೊಡೆದರೂ ಸುಮ್ನೆ ದುಡ್ಡು ದಂಡ. ಇನ್ನು ಬಸಿಗಾಲುವೆ ಮುಚ್ಚಿ ಬೇರು ಕೊಳೆತರೂ ಸೋಗೆ ಹಳದಿಯೇ ಅಲ್ವಾ?

ಕಣ್ಣಿಗೆ ಕಾಣುವ ಸುಳಿವುಗಳಿವೆ. ಹಳದಿ ಎಲೆ ರೋಗದಲ್ಲಿ ಗರಿಯ ತುದಿಯಿಂದ ಹಳದಿ ಶುರುವಾಗುತ್ತದೆ, ನಡುನರದ ಪಕ್ಕ ಹಸಿರು ಉಳಿಯುತ್ತದೆ. ಕಾಯಿ ಒಡೆದರೆ ತಿರುಳು ಮೆತ್ತಗೆ, ಕಪ್ಪಗೆ. ಆದರೆ ಖಚಿತವಾಗಲು ರೋಗದ ಜೀವಿಯ ಡಿಎನ್ಎ ಹುಡುಕುವ ಪಿಸಿಆರ್ ಪರೀಕ್ಷೆಯೇ ಬೇಕು. ಅದರಲ್ಲೂ ಒಂದು ಸ್ಯಾಂಪಲ್‌ನಲ್ಲಿ ಸಿಗಲಿಲ್ಲ ಅಂದರೆ ರೋಗ ಇಲ್ಲ ಅಂತಲ್ಲ. ಜೀವಿ ಮರದ ಎಲ್ಲ ಭಾಗದಲ್ಲೂ ಒಂದೇ ಸಮ ಇರುವುದಿಲ್ಲ.

ಗಂಧದ ಮರದ ಸ್ಪೈಕ್ ರೋಗ ಕೊಡಗಿನಲ್ಲಿ ಕಾಣಿಸಿದ್ದು 1899ರಲ್ಲಿ. ವೈರಸ್ ಇರಬೇಕು ಅಂತಲೇ ದಶಕಗಳು ಕಳೆದವು. ರೋಗದ ಗಂಧದ ಮರದಲ್ಲಿ ಇದೇ ಫೈಟೋಪ್ಲಾಸ್ಮಾ ಗುಂಪಿನ ಜೀವಿ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಕಂಡಿದ್ದು 1969ರಲ್ಲಿ. ಆಗ ಉಪಕರಣ ಇರಲಿಲ್ಲ, ಒಪ್ಪೋಣ. ಈಗ ಪರೀಕ್ಷೆ ಇದೆ, ಲ್ಯಾಬ್ ಇದೆ. ಇಲ್ಲದಿರುವುದು ತೋಟದಿಂದ ಲ್ಯಾಬಿಗೆ ದಾರಿ.

ಆ ದಾರಿಯಲ್ಲಿ ಸ್ಯಾಂಪಲ್ಲೇ ಹಾಳಾಗುತ್ತದೆ. ಒಣಗಿ ಬಿದ್ದ ಸೋಗೆಯ ತುಂಡನ್ನು ಪ್ಲಾಸ್ಟಿಕ್ ಕವರಿಗೆ ತುರುಕಿ ಬಸ್ಸಿನಲ್ಲಿ ಕಳಿಸುತ್ತೇವೆ. ಒಳಗೆ ಬೆವತು, ಸತ್ತ ಎಲೆಯ ಮೇಲೆ ಸಿಕ್ಕಿದ ಬೂಷ್ಟು ಬೆಳೆದಿರುತ್ತದೆ. ಲ್ಯಾಬಿನವರಿಗೆ ಕಾಣುವುದೂ ಅದೇ. ಚುಕ್ಕೆ ರೋಗವಾದರೆ ಕಲೆಯೂ ಹಸಿರೂ ಸೇರುವ ಅಂಚಿನ ತುಂಡು ಬೇಕು, ಕಾಗದದಲ್ಲಿ ಸುತ್ತಿರಬೇಕು. ಬೇರು, ಮಣ್ಣು, ಪಕ್ಕದ ಒಳ್ಳೆ ಮರದ ಎಲೆ ಬೇರೆ ಬೇರೆ ಕಟ್ಟಿರಬೇಕು. ಗೊಬ್ಬರ, ಸಿಂಪಡಣೆ ಯಾವಾಗ ಆಯಿತು ಅಂತ ಒಂದು ಚೀಟಿಯೂ ಇರಲಿ.

ಇದನ್ನೆಲ್ಲ ಬೆಳೆಗಾರನೊಬ್ಬನೇ ಮಾಡಲಾರ. ಸಿಂಪಡಣೆಗೆ ಸಬ್ಸಿಡಿ ಕೊಡುವಾಗ ಸ್ಯಾಂಪಲ್ ತೆಗೆಯುವವರನ್ನೂ ಇಲಾಖೆ ತೋಟಕ್ಕೆ ಕಳಿಸಲಿ. ವರದಿ ಬರಹದಲ್ಲಿ ನಮ್ಮ ಕೈಗೆ ಬರಲಿ. ಕಾರಣ ಸಿಕ್ಕಿಲ್ಲ ಅಂತಿದ್ದರೂ ಸರಿ, ಬೇಡದ ಡಬ್ಬಿಯ ದುಡ್ಡಾದರೂ ಉಳಿಯುತ್ತದೆ.

ಇಂತಿ,
ಒಬ್ಬ ಅಡಿಕೆ ಬೆಳೆಗಾರ