ಲೀಡ್ಸ್‌ನ ತಣ್ಣನೆಯ ಗೋಡೆ: ಸೋದರಸೊಸೆಗೊಂದು ಪತ್ರ

ಚಿ. ಸೌ. ಮೇಧಾಳಿಗೆ ನಿನ್ನ ಮಾವನ ಆಶೀರ್ವಾದಗಳು.

ನಾವಿಬ್ಬರೂ ಇಲ್ಲಿ ಕ್ಷೇಮ. ನೀನು ಕಳಿಸಿದ ಫೋಟೋಗಳನ್ನು ದೊಡ್ಡದು ಮಾಡಿ ನೋಡಿದೆ. ಬೀರುವಿನ ಹಿಂದೆ, ಹೊರಗೋಡೆಯು ಚಾವಣಿಯನ್ನು ಸೇರುವ ಮೂಲೆಯಲ್ಲಿ, ಸಾಸಿವೆ ಚೆಲ್ಲಿದಂತೆ ಕಾಣುವ ಆ ಕಪ್ಪು ಚುಕ್ಕೆಗಳು ಬೂಷ್ಟೇ ಹೌದು. ಆದರೆ ಮಳೆನೀರು ಸೋರಿ ಹೀಗಾಗಿದೆ ಎಂಬ ನಿನ್ನ ಊಹೆಯನ್ನು ಒಪ್ಪಲಾರೆ. ಸೋರಿಕೆಯಾಗಿದ್ದರೆ ಮಳೆ ಬಂದಾಗ ಕಲೆ ಹಿಗ್ಗಿ, ಒಣಹವೆಯಲ್ಲಿ ಕುಗ್ಗಿ, ಅಂಚಿನಲ್ಲಿ ಕಂದು ಗೆರೆಯೊಂದನ್ನು ಉಳಿಸುತ್ತಿತ್ತು. ನೆಲದಿಂದ ಏರುವ ತೇವವು ಸಾಮಾನ್ಯವಾಗಿ ಒಂದು ಮೀಟರಿನಷ್ಟು ಎತ್ತರಕ್ಕೇ ನಿಂತುಬಿಡುವುದರಿಂದ ಮಹಡಿಯ ಕೋಣೆಯವರೆಗೆ ಬರುವ ಮಾತೇ ಇಲ್ಲ. ಮನೆಯೊಳಗಿನ ಹಬೆಯೇ ತಣ್ಣನೆಯ ಗೋಡೆಗೆ ತಾಗಿ ನೀರಾಗುತ್ತಿದೆ. ಇಂಗ್ಲೆಂಡಿನ ಕೌನ್ಸಿಲ್ (ಸ್ಥಳೀಯ ಆಡಳಿತ) ಕಚೇರಿಯೊಂದರಲ್ಲಿ ಬಾಡಿಗೆ ಮನೆಗಳ ತಪಾಸಣೆ ಮಾಡುತ್ತಲೇ ನನ್ನ ಉದ್ಯೋಗಜೀವನ ಕಳೆದದ್ದರಿಂದ ಇಷ್ಟನ್ನು ದೂರದಿಂದಲೇ ಹೇಳುವ ಧೈರ್ಯ ಮಾಡಿದ್ದೇನೆ. ಆದರೂ ಮಳೆ ಸುರಿಯುವಾಗ ಒಮ್ಮೆ ಹೊರಗೆ ನಿಂತು, ಸೂರಿನ ದೋಣಿಯಿಂದ ನೀರು ಗೋಡೆಯ ಮೇಲೆ ಇಳಿಯುತ್ತಿದೆಯೇ ಎಂದು ನೋಡಿಕೊ.

ನೀವು ಹಿಡಿದಿರುವುದು ಬ್ಯಾಕ್-ಟು-ಬ್ಯಾಕ್ ಮನೆ. ಇಂಗ್ಲೆಂಡಿನ ಬೇರೆ ಊರುಗಳು ಕೈಬಿಟ್ಟ ಮೇಲೂ ಲೀಡ್ಸ್‌ನಲ್ಲಿ 1937ರವರೆಗೆ ಇಂಥವನ್ನು ಕಟ್ಟುತ್ತಲೇ ಇದ್ದರು. ಹಿಂದೆಯೂ ಎರಡು ಪಕ್ಕದಲ್ಲೂ ಬೇರೆಯವರ ಮನೆಗಳು ಅಂಟಿಕೊಂಡಿರುವುದರಿಂದ ಕಿಟಕಿಗಳೆಲ್ಲ ಮುಂಭಾಗದಲ್ಲೇ ಇರುತ್ತವೆ, ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೋಗುವ ಅನುಕೂಲವಿಲ್ಲ. ಹೊರಗೋಡೆಯಾದರೋ ನಡುವೆ ಪೊಳ್ಳಿಲ್ಲದ ಒಂಬತ್ತು ಇಂಚಿನ ಇಟ್ಟಿಗೆಯದು. ಜನವರಿಯಲ್ಲಿ ಕೋಣೆಯ ಗಾಳಿ 18 ಡಿಗ್ರಿ ಇದ್ದಾಗಲೂ ಆ ಮೂಲೆ 11 ಅಥವಾ 12 ಡಿಗ್ರಿಗೆ ಇಳಿದಿರಬಹುದು, ಬೀರು ಅಡ್ಡ ನಿಂತು ಶಾಖವನ್ನು ತಡೆದ ಜಾಗವಂತೂ ಇನ್ನೂ ತಣ್ಣಗಿರುತ್ತದೆ. ಬೂಷ್ಟು ಹಿಡಿಯಲು ಗೋಡೆಯ ಮೇಲೆ ಹನಿ ಕಟ್ಟಬೇಕೆಂದೂ ಇಲ್ಲ. ಗೋಡೆಗೆ ತಾಗಿದ ಗಾಳಿಯ ತೇವಾಂಶ ದಿನಗಟ್ಟಲೆ 80 ಶೇಕಡಾ ಮೀರಿದ್ದರೆ ಅಷ್ಟೇ ಸಾಕು.

ಆ ತೇವ ಎಲ್ಲಿಂದ ಬರುತ್ತದೆಂದು ಕೇಳಿದ್ದೀಯ. ಮೂವರು ಒಂದೇ ಕೋಣೆಯಲ್ಲಿ ಮಲಗಿದರೆ ಉಸಿರು ಮತ್ತು ಬೆವರಿನಿಂದಲೇ ಬೆಳಗಾಗುವುದರೊಳಗೆ ಅರ್ಧ ಲೀಟರಿಗೂ ಹೆಚ್ಚು ನೀರು ಗಾಳಿಗೆ ಸೇರುತ್ತದೆ. ಮೆಷಿನ್‌ನಲ್ಲಿ ಒಗೆದ ಒಂದು ಕಂತು ಬಟ್ಟೆಯನ್ನು ಕೋಣೆಯ ರೇಡಿಯೇಟರ್ ಮೇಲೆ ಹರವಿದರೆ ಇನ್ನೆರಡು ಲೀಟರು. ಕುಕ್ಕರ್ ಕೂಗುವಾಗ, ಇಡ್ಲಿಪಾತ್ರೆ ಬೇಯುವಾಗ ಅಡುಗೆಮನೆಯ ಬಾಗಿಲು ತೆರೆದೇ ಇದ್ದರೆ, ಆ ಹಬೆ ಮೆಟ್ಟಿಲೇರಿ ಮನೆಯಲ್ಲೇ ಅತ್ಯಂತ ತಣ್ಣಗಿರುವ ಗೋಡೆಯನ್ನು ಹುಡುಕಿಕೊಂಡು ಹೋಗುತ್ತದೆ.

ನೀನು ತೀರ್ಥಹಳ್ಳಿಯಲ್ಲಿ ಬೆಳೆದವಳು. ಆಷಾಢದ ಜಡಿಮಳೆಯಲ್ಲಿ ಕಿಟಕಿ ಮುಚ್ಚೆಂದು ನಿನ್ನಜ್ಜಿ ಹೇಳುತ್ತಿದ್ದುದು ಅಲ್ಲಿಗೆ ಸರಿ, ಏಕೆಂದರೆ ಮಲೆನಾಡಿನ ಮಳೆಗಾಲದ ಹೊರಗಾಳಿ ಬೆಚ್ಚಗಿದ್ದು ನೀರನ್ನು ತುಂಬಿಕೊಂಡೇ ಒಳಬರುತ್ತದೆ. ಲೀಡ್ಸ್‌ನ ಚಳಿಗಾಲಕ್ಕೆ ಇದೇ ಬುದ್ಧಿವಾದವನ್ನು ಅನ್ವಯಿಸಿದರೆ ಕೆಡುತ್ತೇವೆ. ಅಲ್ಲಿ 5 ಡಿಗ್ರಿಯ ಗಾಳಿ, ಮಂಜು ಮುಸುಕಿದ್ದರೂ, ಒಂದು ಘನ ಮೀಟರಿನಲ್ಲಿ 7 ಗ್ರಾಂ ನೀರನ್ನೂ ಹೊತ್ತಿರುವುದಿಲ್ಲ; ಅದನ್ನೇ ಒಳಗೆ ಬಿಟ್ಟು 18 ಡಿಗ್ರಿಗೆ ಕಾಯಿಸಿದರೆ ಅದರ ತೇವಾಂಶ ಸುಮಾರು 40 ಶೇಕಡಾಕ್ಕೆ ಇಳಿಯುತ್ತದೆ. ಹೊರಗೆ ಒದ್ದೆಯೆಂದು ಕಾಣುವ ಆ ಗಾಳಿಯೇ ನಿನ್ನ ಕೋಣೆಯನ್ನು ಒಣಗಿಸಬಲ್ಲದು. ಆದ್ದರಿಂದ ಎದ್ದ ಕೂಡಲೇ ಮಗುವನ್ನು ಬೇರೆ ಕೋಣೆಗೆ ಕರೆದೊಯ್ದು ಹತ್ತು ನಿಮಿಷ ಕಿಟಕಿಯನ್ನು ಪೂರ್ತಿ ತೆರೆದಿಡು. ಗಾಜಿನ ಮೇಲಿನ ನೀರನ್ನು ಬಟ್ಟೆಯಿಂದ ಒರೆಸಿ ಸಿಂಕಿನಲ್ಲಿ ಹಿಂಡು, ಆ ಬಟ್ಟೆಯನ್ನು ಮಾತ್ರ ಮತ್ತೆ ರೇಡಿಯೇಟರ್ ಮೇಲೆ ಒಣಹಾಕಬೇಡ. ಕಿಟಕಿಯ ನೆತ್ತಿಯಲ್ಲಿ ಗಾಳಿಯಾಡಲೆಂದೇ ಬಿಟ್ಟ ಸಣ್ಣ ಸೀಳಿಗೆ ಟೇಪು ಅಂಟಿಸಿರುವುದು ಫೋಟೋದಲ್ಲಿ ಕಾಣುತ್ತಿದೆ. ಯಾರೇ ಅಂಟಿಸಿರಲಿ, ಕಿತ್ತುಹಾಕು.

ಬೀರುವನ್ನು ಒಳಗೋಡೆಯ ಕಡೆಗೆ ಸರಿಸು, ಜಾಗವಿಲ್ಲದಿದ್ದರೆ ಗೋಡೆಯಿಂದ ನಾಲ್ಕು ಇಂಚಾದರೂ ಮುಂದಕ್ಕೆಳೆ. ಸ್ನಾನದ ನಂತರ ಫ್ಯಾನು ಇಪ್ಪತ್ತು ನಿಮಿಷ ಓಡಲಿ. ಸಂಜೆ ಎರಡು ಗಂಟೆ ಜೋರಾಗಿ ಹೀಟಿಂಗ್ ಹಾಕಿ ಆರಿಸುವುದಕ್ಕಿಂತ, ಕೋಣೆಯನ್ನು ದಿನವಿಡೀ 16 ಡಿಗ್ರಿಗಿಂತ ಕೆಳಗಿಳಿಯದಂತೆ ಕಾಯ್ದರೆ ಗೋಡೆಯೂ ಕೊಂಚ ಬೆಚ್ಚಗಾಗುತ್ತದೆ. ಬಿಲ್ಲಿನ ಚಿಂತೆ ನಿಮಗಿರುವುದು ಸಹಜ, ಆದರೆ ಅದಕ್ಕಾಗಿ ಸೀಮೆಎಣ್ಣೆ ಅಥವಾ ಸಿಲಿಂಡರಿನ ಹೀಟರನ್ನು ಮನೆಯೊಳಗೆ ತರಲೇಬೇಡಿ, ಒಂದು ಲೀಟರ್ ಸೀಮೆಎಣ್ಣೆ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರನ್ನೇ ಕೋಣೆಗೆ ಬಿಡುತ್ತದೆ. ತೇವ ಹೀರುವ ಯಂತ್ರ ಕೊಳ್ಳುವುದಾದರೆ ತಣ್ಣನೆಯ ಕೋಣೆಗೆ ಡೆಸಿಕೆಂಟ್ (ತೇವ ಹೀರುವ ವಸ್ತುವನ್ನು ಬಳಸುವ) ಬಗೆಯದೇ ಒಳ್ಳೆಯದು. ಸಾಂಬ್ರಾಣಿ ಹೊಗೆ ಹಾಕೆಂದು ನಿನ್ನಮ್ಮ ಹೇಳಿರಬಹುದು. ಅದರಿಂದ ವಾಸನೆ ಮುಚ್ಚೀತು, ಬೂಷ್ಟು ಹೋಗುವುದಿಲ್ಲ, ಸ್ಮೋಕ್ ಅಲಾರಂ ಕೂಗಿಕೊಳ್ಳುವುದು ಬೇರೆ.

ಈಗಿರುವ ಕಲೆಯನ್ನು ಒಣ ಬ್ರಷ್ಷಿನಿಂದ ಉಜ್ಜಿದರೆ ಬೀಜಕಣಗಳು ಕೋಣೆಯೆಲ್ಲ ಹಾರುತ್ತವೆ. ಕೈಗವಸು, ಮಾಸ್ಕ್ ಹಾಕಿಕೊಂಡು, ಕಿಟಕಿ ತೆರೆದು, ಕೋಣೆಯ ಬಾಗಿಲು ಮುಚ್ಚಿ, ಬೂಷ್ಟುನಾಶಕ ದ್ರಾವಣವನ್ನು ಡಬ್ಬಿಯ ಮೇಲೆ ಬರೆದಂತೆ ಹಚ್ಚಿ ಒರೆಸಿ, ಆ ಬಟ್ಟೆಯನ್ನು ಚೀಲದಲ್ಲಿ ಕಟ್ಟಿ ಎಸೆಯಿರಿ. ಬ್ಲೀಚಿನೊಂದಿಗೆ ವಿನೆಗರ್ ಆಗಲಿ, ಅಮೋನಿಯ ಇರುವ ಯಾವುದೇ ದ್ರಾವಣವಾಗಲಿ ಬೆರೆಯಕೂಡದು, ವಿಷಾನಿಲ ಹುಟ್ಟುತ್ತದೆ. ಈ ಕೆಲಸವನ್ನು ಅಳಿಯಂದಿರು ಮಾಡಲಿ. ಮಗುವಿನ ಕೆಮ್ಮು ವಾಸಿಯಾಗುವವರೆಗೆ ನೀನೂ ಮಗುವೂ ಕೆಳಗಿನ ಕೋಣೆಯಲ್ಲಿ ಮಲಗಿ, ಜಿ.ಪಿ. (ಕುಟುಂಬ ವೈದ್ಯರ) ಬಳಿ ಹೋದಾಗ ಗೋಡೆಯ ವಿಷಯವನ್ನೂ ಹೇಳಿ. ಬೂಷ್ಟಿನ ಮೇಲೆಯೇ ಹೊಸ ಬಣ್ಣ ಬಳಿಸುತ್ತೇನೆಂದು ಬಾಡಿಗೆ ಮನೆಯ ಏಜೆಂಟ್ ಹೇಳಿದರೆ ಒಪ್ಪಬೇಡಿ.

ಇದೆಲ್ಲ ನಿಮ್ಮ ಜೀವನಶೈಲಿಯ ತಪ್ಪೆಂದು ಏಜೆಂಟ್ ಬರೆದಿದ್ದಾನೆಂದು ತಿಳಿದು ಸಿಟ್ಟು ಬಂತು. ಅನ್ನ ಬೇಯಿಸುವುದು, ಉಸಿರಾಡುವುದು ಯಾರ ತಪ್ಪೂ ಅಲ್ಲ. ರಾಚ್‌ಡೇಲ್‌ನಲ್ಲಿ ಅವಾಬ್ ಇಶಾಕ್ ಎಂಬ ಎರಡು ವರ್ಷದ ಮಗು 2020ರ ಡಿಸೆಂಬರಿನಲ್ಲಿ ತೀರಿಕೊಂಡಿತು. ಮನೆಯ ಬೂಷ್ಟೇ ಆ ಸಾವಿಗೆ ಕಾರಣವೆಂದು 2022ರಲ್ಲಿ ಕರೋನರ್ (ಸಾವಿನ ಕಾರಣವನ್ನು ವಿಚಾರಿಸುವ ಅಧಿಕಾರಿ) ತೀರ್ಪಿತ್ತರು. ತಂದೆತಾಯಿ ದೂರು ಕೊಡುತ್ತಲೇ ಇದ್ದರು. ತೇವ, ಬೂಷ್ಟನ್ನು ಮಾಲೀಕರು ಗೊತ್ತಾದ ಅವಧಿಯೊಳಗೆ ಸರಿಪಡಿಸಬೇಕೆನ್ನುವ, ಆ ಮಗುವಿನ ಹೆಸರಿನ ಕಾನೂನು 2025ರ ಅಕ್ಟೋಬರಿನಲ್ಲಿ ಮೊದಲಿಗೆ ಕೌನ್ಸಿಲ್ ಮತ್ತು ಹೌಸಿಂಗ್ ಅಸೋಸಿಯೇಷನ್ (ಲಾಭವಿಲ್ಲದೆ ಬಾಡಿಗೆ ಮನೆ ಕೊಡುವ ಸಂಸ್ಥೆ) ಮನೆಗಳಿಗೆ ಜಾರಿಗೆ ಬಂದಿದೆ. ನಿಮ್ಮಂಥ ಖಾಸಗಿ ಬಾಡಿಗೆದಾರರಿಗೆ, ಮನೆ ವಾಸಯೋಗ್ಯವಾಗಿರಲೇಬೇಕೆನ್ನುವ 2018ರ ಕಾಯ್ದೆಯ ಬಲವಿದೆ. ಫೋನಿನಲ್ಲಿ ವಾದಿಸುವ ಬದಲು, ಅಗ್ಗದ ತೇವಮಾಪಕವೊಂದನ್ನು ಕೊಂಡು ಬೆಳಗು ಸಂಜೆಯ ಅಂಕಿಗಳನ್ನು ಬರೆದಿಟ್ಟು, ತಾರೀಖು ಕಾಣುವ ಫೋಟೋಗಳೊಂದಿಗೆ ಮನೆಮಾಲೀಕರಿಗೆ ಇಮೇಲ್ ಮಾಡಿ, ಅಡುಗೆಮನೆಗೂ ಬಚ್ಚಲಿಗೂ ಸರಿಯಾದ ಫ್ಯಾನು ಹಾಕಿಸಿಕೊಡುವಂತೆ, ಹೊರಗೋಡೆಯನ್ನು ತಜ್ಞರಿಗೆ ತೋರಿಸುವಂತೆ ಕೇಳಿ. ಕಿಟಕಿ ತೆರೆದೂ ಅಂಕಿ 60 ಶೇಕಡಾಕ್ಕಿಂತ ಕೆಳಗಿಳಿಯದಿದ್ದರೆ ಅದನ್ನೂ ಬರೆಯಿರಿ. ಉತ್ತರ ಬಾರದೆಹೋದರೆ ಲೀಡ್ಸ್ ಕೌನ್ಸಿಲ್‌ಗೆ ದೂರು ಕೊಟ್ಟು ಮನೆಯ ತಪಾಸಣೆಗೆ ಕೇಳಬಹುದು. ಮೊದಲ ಇಮೇಲಿನ ಕರಡನ್ನು ನನಗೆ ಕಳಿಸು, ತಿದ್ದಿಕೊಡುತ್ತೇನೆ.

ಇತಿ ನಿನ್ನ ಸೋದರಮಾವ