ಖಾಲಿ ಇದೆ ಅನ್ನುವ ಮೊದಲು

ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು "ಅಪ್ಪಾ, ಪಿಸ್ತೂಲು ತಗೊಳ್ತಿದ್ದೀನಿ" ಅಂದೆ. ನಾನು ಕೂಗಾಡಿದೆ. ನೀನು ಫೋನ್ ಇಟ್ಟೆ. ಇಟ್ಟಿದ್ದು ಸರಿ ಬಿಡು. ಆಮೇಲೆ ನಿನ್ನ ಅಮ್ಮ ನನಗೆ ಏನಂದಳು ಅನ್ನೋದನ್ನು ಇಲ್ಲಿ ಬರೆಯುವುದಿಲ್ಲ. ಕೂಗಿದ್ದಕ್ಕೆ ಬೇಜಾರು ಮಾಡಿಕೋಬೇಡ. ಕಾಗದದಲ್ಲಾದರೆ ನನ್ನ ದನಿ ಏರುವುದಿಲ್ಲ, ನೀನೂ ನಡುವೆ ಬಾಯಿ ಹಾಕುವುದಿಲ್ಲ.

ಪಕ್ಕದ ಮನೆಗೆ ಕಳ್ಳರು ನುಗ್ಗಿದ ಮೇಲೆ ನಿನಗೆ ಸರಿಯಾಗಿ ನಿದ್ದೆ ಇಲ್ಲ ಅಂತ ಗೊತ್ತು. ಒಬ್ಬಳೇ ಇದ್ದೀಯ. ನಿನ್ನ ದುಡ್ಡು, ನಿನ್ನ ಮನೆ. ಬಂದೂಕು ಹಿಡಿಯೋದನ್ನು ಊರಿನ ಮಕ್ಕಳಿಗೆಲ್ಲ ಕಲಿಸಿ ಸಂಬಳ ತಗೊಂಡವನು ನಾನು. ಸ್ವಂತ ಮಗಳಿಗೆ ಮಾತ್ರ ಬೇಡ ಅಂದರೆ ಯಾರಾದರೂ ನಗುತ್ತಾರೆ. ಹಾಗಾಗಿ ಬೇಡ ಅನ್ನುವುದಿಲ್ಲ. ತಗೊಳ್ಳುವವಳು ಏನೇನು ನೋಡಬೇಕು ಅಂತ ಮಾತ್ರ ಹೇಳುತ್ತೇನೆ.

ಮೊದಲು ಕಾನೂನು. ಅದನ್ನು ಅಂಗಡಿಯವನ ಬಾಯಿಂದ ಕೇಳಬೇಡ, ನೀನೇ ಓದು. ಯಾರು ಇಟ್ಟುಕೊಳ್ಳಬಹುದು, ಮನೆಯಲ್ಲಿ ಹೇಗಿಡಬೇಕು, ಕಾರಿನಲ್ಲಿ ಒಯ್ಯುವಾಗ ಗುಂಡು ಎಲ್ಲಿರಬೇಕು. ಊರು ಬದಲಾದರೆ ಇದೆಲ್ಲ ಬದಲಾಗುತ್ತದೆ.

ಅಂಗಡಿಗೆ ಹೆಣ್ಣುಮಗಳೊಬ್ಬಳು ಬಂದರೆ ಬಹಳ ಕಡೆ ಒಂದು ಪುಟಾಣಿ ಪಿಸ್ತೂಲನ್ನೇ ತೆಗೆದು ತೋರಿಸುತ್ತಾರೆ. ಹಗುರ, ಚೆಂದ, ಬ್ಯಾಗಿನಲ್ಲಿ ಕೂರುತ್ತದೆ ಅಂತ. ಇದನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಪಿಸ್ತೂಲು ಹಗುರವಾದಷ್ಟೂ ಅದೇ ಗುಂಡಿಗೆ ಜಾಸ್ತಿ ಒದೆಯುತ್ತದೆ. ಬ್ಯಾರೆಲ್, ಅಂದರೆ ಗುಂಡು ಹೊರಡುವ ನಳಿಗೆ, ಗಿಡ್ಡವಾದಷ್ಟೂ ಗುರಿ ಹಿಡಿಯೋದು ಕಷ್ಟ. ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಭಾಗ, ಸ್ಲೈಡ್ ಅಂತಾರೆ, ಅದನ್ನು ಎಳೆಯಲು ಹಿಡಿತವೂ ಸಾಲದು. ಹೊಸಬರಿಗೆ ಮಧ್ಯಮ ಗಾತ್ರದ್ದೇ ಸುಲಭ. ಕೈಗೆ ಹೊಂದುತ್ತದಾ ಅಂತ ಹೀಗೆ ನೋಡು: ಹೆಬ್ಬೆರಳು ತೋರುಬೆರಳಿನ ನಡುವಿನ ಕವಲು ಹಿಡಿಯ ಹಿಂಭಾಗಕ್ಕೆ ನೇರವಾಗಿ ಕೂರಬೇಕು, ಬ್ಯಾರೆಲ್ ಮುಂಗೈಯ ಸಾಲಿನಲ್ಲೇ ಇರಬೇಕು. ಆಗ ತೋರುಬೆರಳ ತುದಿಯ ಮೆತ್ತನೆ ಭಾಗ ಟ್ರಿಗರ್‌ಗೆ ಆರಾಮಾಗಿ ತಲುಪಬೇಕು. ಇದನ್ನು ನೋಡುವಾಗಲೂ ಪಿಸ್ತೂಲು ಖಾಲಿ ಅಂತ ನೀನೇ ಕಣ್ಣಾರೆ ಕಂಡಿರಬೇಕು, ಬಾಯಿ ಯಾರ ಕಡೆಗೂ ಇರಬಾರದು.

ರಿವಾಲ್ವರೋ ಪಿಸ್ತೂಲೋ ಅಂತ ನೀನು ಕೇಳಿದ್ದೆ. ರಿವಾಲ್ವರ್ ಸರಳ. ಗುಂಡು ತುಂಬುವ ಸಿಲಿಂಡರ್ ಹೊರಕ್ಕೆ ತಿರುಗಿಸಿದರೆ ಗುಂಡು ಇದೆಯೋ ಇಲ್ಲವೋ ಕಾಣುತ್ತದೆ. ಆದರೆ ಡಬಲ್ ಆ್ಯಕ್ಷನ್‌ನಲ್ಲಿ (ಬಡಿಯುವ ಸುತ್ತಿಗೆಯನ್ನು ಟ್ರಿಗರೇ ಹಿಂದಕ್ಕೆಳೆದು ಬಿಡುವ ಬಗೆ) ಅದರ ಟ್ರಿಗರ್ ಎಳೆಯಲು ಸಾಮಾನ್ಯವಾಗಿ ಐದು ಕಿಲೋ ಹತ್ತಿರದ ಬಲ ಬೇಕು. ಹಾಗೆ ಎಳೆಯುವಾಗ ಹೊಸಬರ ಗುರಿ ತಪ್ಪುತ್ತದೆ. ಪಿಸ್ತೂಲಿನ ಟ್ರಿಗರ್ ಹಗುರ, ಗುಂಡೂ ಜಾಸ್ತಿ ಹಿಡಿಯುತ್ತದೆ. ಆದರೆ ಗುಂಡು ತುಂಬುವ ಪೆಟ್ಟಿಗೆ, ಮ್ಯಾಗಜೀನ್, ತೆಗೆದರೂ ಬ್ಯಾರೆಲಿನ ಹಿಂದಿನ ಗೂಡಿನಲ್ಲಿ, ಅಂದರೆ ಚೇಂಬರಿನಲ್ಲಿ, ಒಂದು ಗುಂಡು ಉಳಿದಿರಬಹುದು. ಈ ವಿಷಯಕ್ಕೆ ಮತ್ತೆ ಬರುತ್ತೇನೆ. ಕ್ಯಾಲಿಬರ್, ಅಂದರೆ ಗುಂಡಿನ ದಪ್ಪ, ಅದರ ಬಗ್ಗೆ ಜನ ಸುಮ್ನೆ ಜಗಳ ಆಡುತ್ತಾರೆ. ಕಲಿಯೋದಕ್ಕೆ .22, ಆಮೇಲೆ 9 ಎಂಎಂ. ಅಷ್ಟು ಸಾಕು. ಕೊಳ್ಳುವ ಮೊದಲು ಕಲಿಸುವವರ ಜೊತೆ ಗುರಿ ಅಭ್ಯಾಸದ ರೇಂಜಿಗೆ ಹೋಗಿ, ಬಾಡಿಗೆಗೆ ಸಿಗುವಷ್ಟು ಬಗೆ ಹಿಡಿದು ನೋಡು.

ಸೇಫ್ಟಿ ಬಟನ್ ಇದೆಯಾ ಅಂತಲೂ ಕೇಳಿದೆ. 1980ರ ದಶಕದಲ್ಲಿ ಆಸ್ಟ್ರಿಯಾದ ಗ್ಲಾಕ್ ಕಂಪನಿಯ ಪಿಸ್ತೂಲು ಬಂದ ಮೇಲೆ ಹೊರಗೆ ಬಟನ್ನೇ ಇಲ್ಲದ ಪಿಸ್ತೂಲುಗಳು ಎಲ್ಲೆಡೆ ಆದವು. ಕೆಳಗೆ ಬಿದ್ದರೆ ಸಿಡಿಯದ ಹಾಗೆ ಒಳಗೆ ಏರ್ಪಾಡು ಇರುತ್ತದೆ. ಆದರೆ ಟ್ರಿಗರ್ ಒತ್ತಿದರೆ ಹಾರುತ್ತದೆ. ಒತ್ತಿದ್ದು ಬೇಕಂತಲೋ ಮರೆತೋ ಅಂತ ಅದು ನೋಡುವುದಿಲ್ಲ.

ಈಗ ಆ ವಿಷಯ.

ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ ಇದ್ದ. ನನಗಿಂತ ಹಿರಿಯ, ನನಗೇ ಕಲಿಸಿದವನು. ಆಯುಧ ಒರೆಸುವ ಮೇಜಿನ ಮುಂದೆ ನಾವಿಬ್ಬರೂ ಕೂತಿದ್ದೆವು. ಅವನು ಮಾತಾಡುತ್ತಲೇ ಸ್ಲೈಡ್ ಎಳೆದ. ಚೇಂಬರಿನಲ್ಲಿದ್ದ ಗುಂಡು ಹೊರಗೆ ಜಿಗಿದು ಮೇಜಿನ ಮೇಲೆ ಉರುಳಿತು. ಎಣ್ಣೆ ಬಟ್ಟೆಗೆ ತಾಗಿ ನಿಂತಿತು. ಆಮೇಲೆ ಮ್ಯಾಗಜೀನ್ ತೆಗೆದು ಪಕ್ಕಕ್ಕಿಟ್ಟ. "ಖಾಲಿ" ಅಂದ. ಬಿಚ್ಚುವ ಮೊದಲು ಟ್ರಿಗರ್ ಒತ್ತಲೇಬೇಕಾದ ಮಾದರಿ ಅದು. ಒತ್ತಿದ.

ಎಲ್ಲಿ ತಪ್ಪಿತು ನೋಡಿದೆಯಾ? ಸ್ಲೈಡ್ ಎಳೆದಾಗ ಮ್ಯಾಗಜೀನ್ ಇನ್ನೂ ಒಳಗೇ ಇತ್ತು. ಒಂದು ಗುಂಡು ಹೊರಗೆ ಹೋಯಿತು, ಸ್ಲೈಡ್ ಮುಂದೆ ಬರುವಾಗ ಇನ್ನೊಂದು ಒಳಗೆ ಬಂತು. ಮಾಡಬೇಕಾದ ಎರಡು ಕೆಲಸವನ್ನೂ ಅವನು ಮಾಡಿದ. ಹಿಂದುಮುಂದಾಗಿ ಮಾಡಿದ, ಅಷ್ಟೇ. ಗುಂಡು ಅವನ ಎಡ ಅಂಗೈಯನ್ನು ಸೀಳಿಕೊಂಡು ಮೇಜಿನ ಹಲಗೆಗೆ ಹೊಕ್ಕಿತು.

ನನಗೆ ಇವತ್ತಿಗೂ ಕಣ್ಣಿಗೆ ಕಟ್ಟೋದು ರಕ್ತ ಅಲ್ಲ. ಹೊರಗೆ ಬಿದ್ದಿದ್ದ ಆ ಮೊದಲ ಗುಂಡು. ಅದನ್ನು ನೋಡಿಯೇ ಅವನು ಖಾಲಿ ಅಂದುಕೊಂಡ. ಗುಂಡು ಹೊರಗೆ ಬಂದಿದೆ, ಅಂದಮೇಲೆ ಒಳಗೆ ಇಲ್ಲ. ಮನಸ್ಸು ಹಾಗೆ ಲೆಕ್ಕ ಹಾಕಿತು. ಚೇಂಬರಿಗೆ ಒಂದು ಸಲ ಬಗ್ಗಿ ನೋಡಿದ್ದರೆ ಸಾಕಿತ್ತು, ಕಿರುಬೆರಳು ಹಾಕಿ ಮುಟ್ಟಿದ್ದರೂ ಸಾಕಿತ್ತು. ಅವನಿಗೆ ಗೊತ್ತಿರಲಿಲ್ಲ ಅಂತಲ್ಲ. ನೂರಾರು ಜನರಿಗೆ ಹೇಳಿಕೊಟ್ಟವನು. ಮಾತಾಡುತ್ತಿದ್ದ, ಅಷ್ಟೇ. ಯಾವ ವಿಷಯ ಮಾತಾಡುತ್ತಿದ್ದ ಅಂತ ಎಷ್ಟು ಯೋಚಿಸಿದರೂ ನೆನಪಾಗುವುದಿಲ್ಲ. ಅಮ್ಮನಿಗೆ ಈ ಕಥೆ ಹೇಳಿ ಹೇಳಿ ಸಾಕಾಗಿದೆ, ಅವಳಿಗೆ ಕೇಳಿ ಸಾಕಾಗಿದೆ. ನಿನಗೆ ಮಾತ್ರ ಹೇಳಿರಲಿಲ್ಲ.

ಆದ್ದರಿಂದ: ಬಾಯಿ ಸುರಕ್ಷಿತ ದಿಕ್ಕಿಗೆ, ಬೆರಳು ಟ್ರಿಗರ್‌ನಿಂದ ಆಚೆ, ಮೊದಲು ಮ್ಯಾಗಜೀನ್ ಹೊರಗೆ, ಆಮೇಲೆ ಸ್ಲೈಡ್ ಹಿಂದಕ್ಕೆಳೆದು ನಿಲ್ಲಿಸು. ಚೇಂಬರನ್ನು ಕಣ್ಣಿಂದ ನೋಡು, ಬೆರಳಿಂದ ಮುಟ್ಟು. ಆ ಹೊತ್ತಿನಲ್ಲಿ ಫೋನ್ ಬಂದರೆ ಎತ್ತಬೇಡ. ನನ್ನದಾದರೂ ಎತ್ತಬೇಡ. ಬೇರೆಯವರು ಖಾಲಿ ಅಂತ ಕೊಟ್ಟರೂ ನೀನು ಇನ್ನೊಮ್ಮೆ ನೋಡು, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಮಾಡಿಕೊಂಡರೆ ಅಂಥವರ ಜೊತೆ ರೇಂಜಿಗೆ ಹೋಗಬೇಡ. ಲೆಕ್ಚರ್ ಶುರುವಾಯಿತು ಅಂತ ನೀನು ಕಣ್ಣು ಮೇಲೆ ಮಾಡುವುದು ನನಗೆ ಇಲ್ಲಿಗೇ ಕಾಣುತ್ತಿದೆ. ಇರಲಿ.

ರೇಂಜಿನಲ್ಲಿ ಕಿವಿಗೂ ಕಣ್ಣಿಗೂ ರಕ್ಷಣೆ ಹಾಕಿಕೊ. ಒಂದು ಹೊಡೆತದ ಸದ್ದೇ 140 ಡೆಸಿಬಲ್ ದಾಟುತ್ತದೆ. ನಾವು ಚಿಕ್ಕವರಿದ್ದಾಗ ಹತ್ತಿ ಇಟ್ಟುಕೊಳ್ಳುತ್ತಿದ್ದೆವು, ಅದರ ಫಲ ನೀನು ಫೋನಿನಲ್ಲಿ ಎರಡೆರಡು ಸಲ ಹೇಳಬೇಕಾಗಿದೆ. ಸದ್ದು ಟುಸ್ ಅಂತ ಕ್ಷೀಣವಾಗಿ ಬಂದರೆ ಮತ್ತೆ ಹೊಡೆಯಬೇಡ, ಗುಂಡು ಬ್ಯಾರೆಲಿನಲ್ಲೇ ಸಿಕ್ಕಿರಬಹುದು. ಮುಗಿದ ಮೇಲೆ ಏನಾದರೂ ತಿನ್ನುವ ಮೊದಲು ಸೋಪು ಹಾಕಿ ಕೈ ತೊಳೆ. ಸೀಸದ ಪುಡಿ ಅಂಟಿರುತ್ತದೆ.

ಇನ್ನು ಮನೆ. 9 ಎಂಎಂ ಗುಂಡು ಒಳಗೋಡೆಯ ತೆಳು ಹಲಗೆಗಳನ್ನು ಒಂದರ ಹಿಂದೆ ಒಂದು ತೂರಿಕೊಂಡು ಹೋಗುತ್ತದೆ. ಪಕ್ಕದ ಮನೆಯ ಆ ಮಗು ಯಾವ ಗೋಡೆಯ ಆಚೆ ಮಲಗುತ್ತದೆ ಅಂತ ಒಮ್ಮೆ ನಿಂತು ಯೋಚಿಸು. ದಿಂಬಿನ ಕೆಳಗೆ, ಡ್ರಾಯರಿನಲ್ಲಿ, ಬಟ್ಟೆಯ ಮಧ್ಯೆ ಇಡೋದು ಬೇಡ. ನೆಲಕ್ಕೋ ಗೋಡೆಗೋ ಬೋಲ್ಟ್ ಹಾಕಿದ ಸಣ್ಣ ಸೇಫ್ ತಗೋ. ಪಿಸ್ತೂಲಿಗಿಂತ ಮೊದಲು ಸೇಫ್ ಮನೆಗೆ ಬರಲಿ. ಬಾಗಿಲಿಗೆ ಒಳ್ಳೆಯ ಬೀಗ, ಹೊರಗೆ ದೀಪ, ಅಲಾರಂ, ಇವೂ ಮೊದಲೇ ಬರಲಿ. ಸದ್ದಾದರೆ ಕೋಣೆಯ ಚಿಲಕ ಹಾಕಿ ಪೊಲೀಸರಿಗೆ ಫೋನ್ ಮಾಡು. ಕತ್ತಲಲ್ಲಿ ಮನೆಯೆಲ್ಲ ಹುಡುಕಿಕೊಂಡು ಹೋಗಬೇಡ.

ಇಷ್ಟೆಲ್ಲ ಬರೆದೆ. ಬರೆಯಬೇಕು ಅಂತ ಕೂತಿದ್ದು ಬೇರೆಯೇ.

ಆ ಮಳೆಗಾಲದ ವಿಷಯ ಎತ್ತುವುದಿಲ್ಲ. ನಿನಗೂ ಗೊತ್ತು, ನನಗೂ ಗೊತ್ತು. ಅದರಿಂದ ನೀನು ಎದ್ದು ಬಂದ ರೀತಿ ನೋಡಿ ನನಗೆ ಎಷ್ಟು ಹೆಮ್ಮೆ ಅಂತ ನಿನಗೆ ಯಾವತ್ತೂ ಹೇಳಲಿಲ್ಲ, ಹೇಳೋಕೆ ಹೋದಾಗಲೆಲ್ಲ ಹವಾಮಾನದ ಮಾತಾಡಿದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2 ಕೋಟಿ 60 ಲಕ್ಷಕ್ಕೂ ಹೆಚ್ಚು ವಯಸ್ಕರ 2004ರಿಂದ 2016ರವರೆಗಿನ ದಾಖಲೆಗಳನ್ನು ಸಂಶೋಧಕರು ನೋಡಿದರು. ಅದು 2020ರಲ್ಲಿ ಪ್ರಕಟವಾಯಿತು. ಪಿಸ್ತೂಲು ಇಲ್ಲದ ಹೆಂಗಸರಿಗೆ ಹೋಲಿಸಿದರೆ, ಇದ್ದ ಹೆಂಗಸರು ತಾವೇ ಗುಂಡು ಹಾರಿಸಿಕೊಂಡು ಸತ್ತ ಪ್ರಮಾಣ ಸುಮಾರು 35 ಪಟ್ಟು. ಗಂಡಸರಲ್ಲಿ ಸುಮಾರು 8 ಪಟ್ಟು. ಬೇರೆ ಯಾವ ರೀತಿಯಲ್ಲೂ ತಾವೇ ಜೀವ ತೆಗೆದುಕೊಂಡ ಪ್ರಮಾಣ ಅವರಲ್ಲಿ ಹೆಚ್ಚಿರಲಿಲ್ಲ. ಅಪಾಯ ಎಲ್ಲಕ್ಕಿಂತ ಜಾಸ್ತಿ ಇದ್ದಿದ್ದು ಮೊದಲ ಪಿಸ್ತೂಲು ಕೊಂಡ ಹೊಸತರಲ್ಲಿ. ಕೆಟ್ಟ ಗಳಿಗೆ ಬಂದರೂ ದಾಟಿ ಹೋಗುತ್ತದೆ, ನಿನಗದು ಗೊತ್ತು. ಪಿಸ್ತೂಲು ದಾಟಲು ಬಿಡುವುದಿಲ್ಲ.

ಕೋಪ ಬಂತಾ? ಬರಲಿ. ಕಳ್ಳನ ಭಯ ನಿನ್ನದು, ಈ ಭಯ ನನ್ನದು. ನಿನ್ನ ಮೇಲೆ ನಂಬಿಕೆ ಇಲ್ಲ ಅಂತ ತಿಳಿಯಬೇಡ. ಕೂಗಿದ್ದು ಇದಕ್ಕೇ, ಆದರೆ ಬಾಯಿಗೆ ಬಂದಿದ್ದು ಮಾತ್ರ "ನಿನಗೇನು ತಲೆ ಕೆಟ್ಟಿದೆಯಾ" ಅಂತ. ಎಲ್ಲ ಬಿಟ್ಟು ಆ ಮಾತನ್ನೇ ಆಡಿದೆ ನೋಡು.

ಕೇಳುವುದು ಇಷ್ಟೇ. ನಿದ್ದೆ ಸರಿಹೋಗುವ ತನಕ ತಡೆ. ನಿನ್ನ ಡಾಕ್ಟರ್ ಹತ್ತಿರ ಈ ವಿಷಯ ನೇರವಾಗಿ ಮಾತಾಡು. ತಗೊಂಡ ಮೇಲೂ ಮನಸ್ಸು ಸರಿ ಇಲ್ಲ ಅನ್ನಿಸಿದರೆ ಅವತ್ತೇ ಅದು ಮನೆಯಿಂದ ಹೊರಗೆ ಹೋಗಬೇಕು. ಯಾರ ಹತ್ತಿರ, ಕಾನೂನಿನಲ್ಲಿ ಹೇಗೆ ಅಂತ ಮೊದಲೇ ಗೊತ್ತುಮಾಡಿಕೊ. ನಿನ್ನ ಗೆಳತಿಗೂ ಹೇಳಿಟ್ಟಿರು. ನನಗೆ ಎಷ್ಟು ಹೊತ್ತಿನಲ್ಲಾದರೂ ಫೋನ್ ಮಾಡು, ಅಲ್ಲಿ ಎಷ್ಟು ಗಂಟೆ ಇಲ್ಲಿ ಎಷ್ಟು ಗಂಟೆ ಅಂತ ಲೆಕ್ಕ ಹಾಕಬೇಡ.

ಭಾನುವಾರ ಅಮ್ಮ ಫೋನ್ ಮಾಡುತ್ತಾಳೆ. ನಾನು ಪಕ್ಕದಲ್ಲೇ ಕೂತಿರುತ್ತೇನೆ, ನನಗೆ ಕೊಡು ಅಂತ ನೀನು ಹೇಳಿದರೆ ಮಾತ್ರ ಮಾತಾಡುತ್ತೇನೆ. ಇನ್ನೊಂದು, ಸೇಫಿನ ನಂಬರಿಗೆ ನಿನ್ನ ಹುಟ್ಟಿದ ತಾರೀಖು ಇಡಬೇಡ. ಎಲ್ಲದಕ್ಕೂ ಅದನ್ನೇ ಇಡುತ್ತೀಯ.

ನಿನ್ನ ಅಪ್ಪ